ಲಾರಿ ನೀರಿನ ಬಾವಿ

ಗಣಿ ಕೂಲಿಗಳ ಮನೆಸಾಲಾದ ಕೆಳಸಾಲಿಗೆ ವಾರದಲ್ಲಿ ಒಂದೇ ದಿನ ಗಾಡಿ ಬರುತ್ತಿತ್ತು. ಅದು ಮಂಗಳವಾರ. ಕಲ್ಲಿದ್ದಲು ಸಾಗಿಸುವ ಬೆಲ್ಟು ಆ ದಾರಿಯ ಮೇಲೆ ಅಡ್ಡಲಾಗಿ ಹಾದುಹೋಗಿತ್ತು. ಬೆಲ್ಟು ಓಡುವಾಗ ಅದರ ಕೆಳಗೆ ಗಾಡಿ ಹೋಗಬಾರದು ಎಂದು ಕಂಪನಿಯ ನಿಯಮ. ಮಂಗಳವಾರ ಬೆಳಗ್ಗೆ ರಿಪೇರಿಗೆಂದು ಅದನ್ನು ನಿಲ್ಲಿಸುತ್ತಿದ್ದರು. ಮಧ್ಯಾಹ್ನದ ಸೈರನ್ನಿಗೆ ಮತ್ತೆ ಓಡಿಸುತ್ತಿದ್ದರು. ಅಷ್ಟರೊಳಗೆ ಬರುವವರು ಬಂದು ಹೋಗಬೇಕು.

ಮೊದಲು ನೀರಿನ ಲಾರಿ ಬರುತ್ತಿತ್ತು. ಕೆಳಸಾಲಿನ ನಲವತ್ತು ಮನೆಗಳಲ್ಲಿ ಒಂದಕ್ಕೂ ತೊಟ್ಟಿಯಿಲ್ಲ. ಕೊಡಕೊಡಕ್ಕೂ ನೀರು ಹಿಡಿದುಕೊಡುತ್ತ ನಿಲ್ಲುವ ಪುರುಸೊತ್ತು ಲಾರಿಯವನಿಗಿಲ್ಲ. ಸಾಲಿನ ನಡುವಿನ ಬಾವಿಗೆ ಪೈಪು ಇಳಿಬಿಟ್ಟು, ತಂದ ನೀರನ್ನೆಲ್ಲ ಒಮ್ಮೆಗೇ ಸುರಿದು ಹೋಗುತ್ತಿದ್ದ. ಹೆಂಗಸರು ಅದನ್ನೇ ಮತ್ತೆ ಸೇದಿಕೊಳ್ಳುತ್ತಿದ್ದರು. ಸುರಿದ ನೀರು ಮೂರು ದಿನ ಬರುತ್ತಿತ್ತು. ನಾಲ್ಕನೆಯ ದಿನ ಕೊಡದ ತಳ ಕಲ್ಲಿಗೆ ಬಡಿಯುತ್ತಿತ್ತು.

ತಿಂಗಳಿಗೊಮ್ಮೆ ಲಾರಿಯ ಹಿಂದೆಯೇ ಒಂದು ಜೀಪು ಬರುತ್ತಿತ್ತು. ಜೀಪಿನಲ್ಲಿ ಬಂದವನು ಬಾವಿಯಲ್ಲಿ ನೀರು ಎಷ್ಟು ಆಳಕ್ಕಿದೆ ಎಂದು ಅಳೆದು ಬರೆದುಕೊಂಡು ಹೋಗುತ್ತಿದ್ದ.

ಇಷ್ಟೇ ವಿಷಯ. ಇಷ್ಟರಲ್ಲೇ ನಲವತ್ತು ಮನೆಗಳ ಕುತ್ತಿಗೆಗೆ ಕುಣಿಕೆ ಬಿತ್ತು.

ಕಂಪನಿಯವರು ನೆಲದಡಿಯ ಗಣಿಯನ್ನು ಹಿಗ್ಗಿಸಬೇಕೆಂದಿದ್ದರು. ಹೊಸ ಸುರಂಗ ಕೆಳಸಾಲಿನ ಅಡಿಯಲ್ಲೇ ಹಾದುಹೋಗುತ್ತದೆ. ಹಿಗ್ಗಿಸುವ ಮೊದಲು ನೆಲಕ್ಕೇನಾಗುತ್ತದೆ, ನೀರಿಗೇನಾಗುತ್ತದೆ, ಜನರಿಗೇನಾಗುತ್ತದೆ ಎಂದು ವರ್ಷವಿಡೀ ಅಳೆದು ವರದಿ ಕೊಡಬೇಕು, ಕಾನೂನು ಹಾಗಿದೆ. ಅಳೆಯುವವರನ್ನು ಗೊತ್ತು ಮಾಡಿದವರೂ ಕಂಪನಿಯವರೇ. ಯಾವ ಬಾವಿಗೆ ತೊಂದರೆಯಾಗಿದೆಯೆಂದು ವರದಿ ಹೇಳುತ್ತದೋ ಆ ಜಾಗಕ್ಕೆ ನಲ್ಲಿ ನೀರು ಕೊಡಬೇಕು. ತೊಂದರೆಯಿಲ್ಲ ಎಂದರೆ ಏನೂ ಕೊಡಬೇಕಾಗಿಲ್ಲ.

ಬಾವಿಯ ಬಾಯಿ ಪಾಚಿಗಟ್ಟಿ ಜಾರುತ್ತಿತ್ತು. ಜೀಪಿನವನು ಬೂಟು ಹಾಕಿಕೊಂಡು ಅಲ್ಲಿಗೆ ಬಗ್ಗುವವನಲ್ಲ. ಅವನ ಟೇಪನ್ನು ಇಳಿಸಲು ಸಾಲಿನವಳೇ ಆದ ಒಬ್ಬ ಮುದುಕಿಯನ್ನು ಇಟ್ಟುಕೊಂಡಿದ್ದ. ಅರವತ್ತು ದಾಟಿದವಳು. ಮೂವತ್ತು ವರ್ಷ ಬೆಲ್ಟಿನ ಪಕ್ಕ ನಿಂತು ಕಲ್ಲಿದ್ದಲಿನಿಂದ ಕಲ್ಲು ಆರಿಸಿದವಳು. ಬೆರಳ ತುದಿಗಳು ಸವೆದು ಹೋಗಿದ್ದವು. ಹೆಬ್ಬೆರಳು ಒತ್ತಿಸಿಕೊಳ್ಳುವ ಯಂತ್ರಕ್ಕೆ ಅವಳ ಗುರುತೇ ಸಿಗುತ್ತಿರಲಿಲ್ಲ. ಈ ಕೆಲಸ ಸಿಕ್ಕ ಮೇಲೆ ಸಾಲಿನವರು ಅವಳನ್ನು ಟೇಪಜ್ಜಿ ಎಂದು ಕರೆಯತೊಡಗಿದರು. ಅವಳೂ ಓಗೊಡುತ್ತಿದ್ದಳು.

ಟೇಪಿನ ತುದಿಯಲ್ಲಿ ಬೆರಳುದ್ದದ ಒಂದು ಗುಂಡು. ಗುಂಡು ನೀರಿಗೆ ತಾಗಿದರೆ ಮೇಲಿನ ಡಬ್ಬಿ ಕೀ ಎಂದು ಕೂಗುತ್ತಿತ್ತು. ಕೂಗಿದಾಗ ಎಷ್ಟು ಟೇಪು ಇಳಿದಿದೆಯೋ ಅದೇ ಅಂಕಿ. ಅಜ್ಜಿ ದೇವರ ಹೆಸರು ಹೇಳದೆ ಟೇಪನ್ನು ಇಳಿಸಿದವಳಲ್ಲ. ನಿಜವನ್ನು ಅಳೆಯುವ ಕೆಲಸ, ಕೈ ನಡುಗಬಾರದು ಎನ್ನುತ್ತಿದ್ದಳು.

ಆ ಬಾವಿಯನ್ನು ತೋಡಿದವನು ಅವಳ ಗಂಡ. ಪಾಳಿ ಮುಗಿಸಿ, ಮೈಯ ಮಸಿಯನ್ನೂ ತೊಳೆಯದೆ ಬಂದು ತೋಡಿದ. ಎರಡು ಬೇಸಿಗೆ ಹಿಡಿಯಿತು. ಏಳು ಮಾರು ಆಳಕ್ಕೆ ಕಲ್ಲಿನ ಸಂದಿಯಿಂದ ನೀರು ಚಿಮ್ಮಿದ ದಿನ ಅವನು ಒಳಗೇ ಕೂತು ಅತ್ತನಂತೆ. ಇಪ್ಪತ್ತು ವರ್ಷ ಆ ನೀರು ನಲವತ್ತು ಮನೆಗಳನ್ನು ಸಾಕಿತು. ಆಮೇಲೆ ಗಣಿ ಈ ಕಡೆಗೆ ತಿರುಗಿತು. ಬಾವಿ ಒಂದೊಂದೇ ಮೊಳ ಇಳಿಯಿತು. ಗಣಿಯಿಂದ ಪಂಪು ಎತ್ತಿ ಹಾಕುವ ನೀರು ಮಾತ್ರ ಸಾಲಿನ ಪಕ್ಕದ ಚರಂಡಿಯಲ್ಲಿ ಹಗಲೂ ರಾತ್ರಿ ಕಪ್ಪಗೆ ಹರಿಯುತ್ತಿತ್ತು. ಅದನ್ನು ನಾಯಿಯೂ ಮೂಸುತ್ತಿರಲಿಲ್ಲ.

ಎದೆಯಲ್ಲಿ ದೂಳು ಕಟ್ಟಿ ಗಂಡ ಹಾಸಿಗೆ ಹಿಡಿದಾಗ ಬಾವಿಯೂ ಬತ್ತಿತ್ತು. ಕೊನೆಯ ದಿನ ಅವನು ನೀರು ಕೇಳಿದ. ಅಜ್ಜಿ ಲಾರಿ ನೀರನ್ನು ಚಮಚದಲ್ಲಿ ಬಿಟ್ಟಳು. ಅವನು ಬಾಯಲ್ಲಿ ಇಟ್ಟುಕೊಂಡು ತುಸು ಹೊತ್ತು ರುಚಿ ನೋಡಿದ. “ಇದು ನಮ್ಮದಲ್ಲ ಕಣೇ” ಅಂದ. ಅದೇ ಕೊನೆಯ ಮಾತು. ಎರಡು ವರ್ಷದಿಂದ ಅವಳು ದೇವರ ಮುಂದೆ ಕೂತಾಗಲೆಲ್ಲ ಆ ಮಾತು ಬಂದು ಪಕ್ಕದಲ್ಲಿ ಕೂರುತ್ತಿತ್ತು.

ಮೊದಲ ಅಳತೆಯ ದಿನವೇ ಅವಳು ಜೀಪಿನವನಿಗೆ ಹೇಳಿದ್ದಳು.

“ಸಾರ್, ಇದು ಲಾರಿ ನೀರು. ಈಗ ತಾನೆ ಸುರಿದು ಹೋದ್ರು. ಇನ್ನೂ ನೊರೆ ಆರಿಲ್ಲ, ಬಗ್ಗಿ ನೋಡಿ.”

“ನೀರು ನೀರೇ ಅಜ್ಜಿ. ಟೇಪಿಗೆ ಅದರ ಅಪ್ಪ ಅಮ್ಮ ಯಾರು ಅಂತ ಗೊತ್ತಾಗತ್ತಾ?”

“ಟೇಪಿಗೆ ಗೊತ್ತಾಗಲ್ಲ. ನಿಮಗೆ ಹೇಳ್ತಿದೀನಲ್ಲ.”

“ನೀನು ಹೇಳಿದ್ದನ್ನ ಬರೆಯೋಕೆ ಇಲ್ಲಿ ಜಾಗ ಎಲ್ಲಿದೆ? ನೋಡು, ಅಂಕಿ ಬರೆಯೋಕೆ ಒಂದೇ ಒಂದು ಚೌಕ.”

“ಒಂದು ಸಲ ಸೋಮವಾರ ಬನ್ನಿ ಸಾರ್.”

“ಸೋಮವಾರ ಬೆಲ್ಟು ಓಡತ್ತೆ. ಜೀಪು ಹೇಗೆ ಬರತ್ತೆ?”

“ನಡ್ಕೊಂಡು ಬನ್ನಿ. ನಾವೆಲ್ಲ ಏನು ಹಾರ್ಕೊಂಡು ಬರ್ತೀವಾ?”

ಜೀಪಿನ ಡ್ರೈವರ್ ನಕ್ಕುಬಿಟ್ಟ. ಜೀಪಿನವನು ನಗಲಿಲ್ಲ. ಹತ್ತು ಮೀಟರ್ ಎಂದು ಬರೆದುಕೊಂಡು ಹೊರಟ. ಹನ್ನೊಂದು ತಿಂಗಳು ಅವಳು ಹನ್ನೊಂದು ಸಲ ಹೇಳಿದಳು. ಹನ್ನೊಂದು ಸಲವೂ ಡಬ್ಬಿ ಕೂಗಿತು. ಡಬ್ಬಿಯ ಮಾತನ್ನು ಬರೆದುಕೊಂಡರು.

ಒಂದು ಸಂಜೆ ಅವಳ ಸೊಸೆ ಕಚೇರಿಯಿಂದ ಒಂದಿಷ್ಟು ಹಾಳೆ ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಸೊಸೆ ಗಣಿ ಕಚೇರಿಯಲ್ಲಿ ಕಸ ಗುಡಿಸುವವಳು. ಎಂಟನೆಯ ಕ್ಲಾಸಿನವರೆಗೆ ಓದಿದ್ದಳು. ವರದಿಯ ಕರಡು ಸಿದ್ಧವಾಗಿತ್ತು. ಹನ್ನೆರಡನೆಯ ಅಳತೆ ಒಂದು ಸೇರಿಸಿದರೆ ಮುಗಿಯಿತು. ಸೊಸೆ ಹೊಸಿಲ ಮೇಲೆ ಕೂತು ಬೆರಳಿಟ್ಟು ಓದಿದಳು.

“ಕೆಳಸಾಲಿನ ಬಾವಿಯಲ್ಲಿ ವರ್ಷವಿಡೀ ಹತ್ತು ಮೀಟರ್ ಆಳದಲ್ಲಿ ನೀರು ಲಭ್ಯವಿದೆ. ಗಣಿಗಾರಿಕೆಯಿಂದ ಜಲಮೂಲಕ್ಕೆ ಯಾವುದೇ ಪರಿಣಾಮ ಕಂಡುಬಂದಿಲ್ಲ. ವಿಸ್ತರಣೆಯ ನಂತರವೂ ನಿರೀಕ್ಷಿಸಲಾಗಿಲ್ಲ. ಆದ್ದರಿಂದ ಪರ್ಯಾಯ ನೀರಿನ ವ್ಯವಸ್ಥೆಯ ಅಗತ್ಯವಿಲ್ಲ.”

“ಪರ್ಯಾಯ ಅಂದ್ರೆ ಏನೇ?”

“ನಲ್ಲಿ ಬರಲ್ಲ ಅತ್ತೆ. ಬಾವಿ ತುಂಬಾ ನೀರಿದೆಯಲ್ಲ, ಇನ್ನು ಲಾರಿನೂ ಯಾಕೆ ಅಂತಾರೆ.”

ಅಂಕಿಗಳ ಕೆಳಗೆ ಒಂದು ಫೋಟೋ ಇತ್ತು. ಅಜ್ಜಿ ಬಾವಿಗೆ ಬಗ್ಗಿದ್ದಾಳೆ. ಮುಖ ಕಾಣುವುದಿಲ್ಲ, ಬೆನ್ನು, ಹರಿದ ರವಿಕೆ, ಕೈಯಲ್ಲಿ ಟೇಪು. ‘ಸ್ಥಳೀಯ ಮಹಿಳೆಯ ಸಹಭಾಗಿತ್ವದಲ್ಲಿ ಜಲಮಟ್ಟದ ಮಾಪನ’ ಎಂದು ಬರೆದಿತ್ತು.

ಮೂಲೆಮನೆಯವಳು ಎದುರಿಗೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ನಾಲಿಗೆಗೆ ಇಡೀ ಸಾಲು ಹೆದರುತ್ತಿತ್ತು.

“ಚೆನ್ನಾಗಿದೆ ಟೇಪಜ್ಜಿ. ನಿನ್ನ ಗಂಡ ಬಾವಿ ತೋಡಿದ, ನೀನು ಮುಚ್ಚಿದೆ. ಫೋಟೋ ಬೇರೆ ಹಿಡಿಸ್ಕೊಂಡಿದೀಯ. ಗೋಡೆಗೆ ಹಾಕ್ಕೋ.”

ಅಜ್ಜಿ ತನ್ನ ಕೈಗಳನ್ನೇ ನೋಡಿಕೊಂಡಳು. ಆ ಕೈ ಸುಳ್ಳು ಹೇಳಿರಲಿಲ್ಲ. ಒಂದು ಅಂಗುಲವೂ ಹೆಚ್ಚು ಕಡಿಮೆ ಮಾಡಿರಲಿಲ್ಲ. ಆದರೂ ಸುಳ್ಳು ಆ ಕೈಯಿಂದಲೇ ಇಳಿದಿತ್ತು.

ಮರುದಿನ ಅವಳು ಕಚೇರಿಗೆ ಹೋದಳು. ಬಾಗಿಲಲ್ಲಿ ನಿಂತಳು. ಕೂರು ಎಂದು ಯಾರೂ ಅನ್ನಲಿಲ್ಲ. ಮಧ್ಯಾಹ್ನದ ಮೇಲೆ ಗುಮಾಸ್ತ ತಲೆಯೆತ್ತಿದ.

“ಆಕ್ಷೇಪಣೆ ಇದ್ರೆ ಬರೆದು ಕೊಡ್ಬೇಕು. ಆಧಾರ ಇರ್ಬೇಕು.”

“ಏನು ಆಧಾರ ಸ್ವಾಮಿ?”

“ಅಳತೆ. ಬಾವಿ ಬತ್ತಿದೆ ಅಂತ ತೋರ್ಸೋ ಅಳತೆ.”

“ಅಳೆದಿದ್ದು ನಾನೇ. ಅದರಲ್ಲಿ ಬರೆದಿದ್ದು ತಪ್ಪು.”

“ನಿನ್ನ ಅಳತೆ ಮೇಲೆ ನಿಂದೇ ಆಕ್ಷೇಪಣೆನಾ?” ಗುಮಾಸ್ತ ಒಳಗಿನವರಿಗೂ ಕೇಳುವಂತೆ ಹೇಳಿದ. “ಬನ್ರಪ್ಪಾ, ಇಲ್ಲಿ ನೋಡಿ. ಕಳ್ಳನೂ ಇವಳೇ, ಫಿರ್ಯಾದಿನೂ ಇವಳೇ!”

ನಗು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಯಿತು. ಪಕ್ಕದ ಕೋಣೆಯಲ್ಲಿ ಗುಡಿಸುತ್ತಿದ್ದ ಸೊಸೆಗೂ ಅದು ಕೇಳಿಸಿತು. ಅವಳು ತಲೆತಗ್ಗಿಸಿ ಗುಡಿಸುತ್ತಲೇ ಇದ್ದಳು.

ವಾಪಸು ಬರುವಾಗ ಅಜ್ಜಿ ಕ್ವಾರ್ಟರ್ಸಿನ ನಲ್ಲಿಯ ಹತ್ತಿರ ನಿಂತಳು. ಅಲ್ಲಿ ಕಾಯಂ ನೌಕರರ ಮನೆಗಳು. ಬಿಸಿಲಿಗೆ ಕಣ್ಣು ಕತ್ತಲಿಟ್ಟಿತ್ತು. ಬೊಗಸೆ ಒಡ್ಡಲೆಂದು ನಲ್ಲಿ ತಿರುಗಿಸಿದಳಷ್ಟೆ. ಒಬ್ಬಳು ಮನೆಯೊಳಗಿಂದ ಓಡಿ ಬಂದು ಅವಳ ಕೈ ತಳ್ಳಿದಳು. “ಮಸಿ ಕೈಲಿ ಮುಟ್ಟಿದೆಯಲ್ಲ, ನಿಮ್ಮ ಸಾಲಿಗೆ ಲಾರಿ ಬರಲ್ವಾ?” ಎಂದಳು. ಆಮೇಲೆ ನಲ್ಲಿಯನ್ನು ಬೂದಿ ಹಚ್ಚಿ ತಿಕ್ಕಿ, ಒಂದು ಕೊಡ ನೀರು ಬಿಟ್ಟು ತೊಳೆದಳು. ಅಜ್ಜಿಗೆ ಬೇಕಾಗಿದ್ದದ್ದು ಒಂದು ಬೊಗಸೆ. ಅವಳ ಕಣ್ಣೆದುರೇ ಒಂದು ಕೊಡ ಚರಂಡಿಗೆ ಹೋಯಿತು.

ಆ ಸಂಜೆ ಅವಳು ಸಾಲಿನ ಹೆಂಗಸರನ್ನು ಬಾವಿಯ ಹತ್ತಿರ ಕರೆದಳು.

“ಈ ಮಂಗಳವಾರ ಕಡೇ ಅಳತೆ. ಲಾರಿ ನೀರು ಬಾವಿಗೆ ಬೀಳ್ಬಾರ್ದು. ತಿರುಗಿಸಿ ಕಳಿಸೋಣ. ಅವನು ಬಂದು ಒಣ ಬಾವಿ ನೋಡ್ಲಿ.”

ಒಬ್ಬಳು ಮೆಲ್ಲಗೆ ಕೇಳಿದಳು. “ಲಾರಿಯವನು ಆಮೇಲೆ ಬಂದು ಸುರೀತಾನಾ?”

“ಇಲ್ಲ. ಬೆಲ್ಟು ಓಡತ್ತೆ. ಮುಂದಿನ ಮಂಗಳವಾರವೇ.”

“ಏಳು ದಿನ! ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೊಂಡು ಮಲಗೋಣ ಅಂದ್ರೆ ತಣ್ಣೀರೂ ಇಲ್ವಲ್ಲೇ ಅಜ್ಜಿ!”

ಒಂದಿಬ್ಬರು ನಕ್ಕರು. ಮೂಲೆಮನೆಯವಳು ನಗಲಿಲ್ಲ.

“ನೀನು ಸುಲಭವಾಗಿ ಹೇಳ್ತೀಯ. ನಮ್ಮ ಮಾವ ಹಾಸಿಗೇಲಿ ಇದಾರೆ. ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸ್ತೀನಿ. ಅವರನ್ನ ಯಾವುದ್ರಲ್ಲಿ ತೊಳೀಲಿ? ನಿನ್ನ ವರದೀಲಾ?”

“ನಿನಗೆ ಏನಂತ ಹೇಳ್ಲಿ ತಾಯಿ” ಎಂದಳು ಅಜ್ಜಿ. “ನಮ್ಮನೆಯವರು ಸಾಯುವಾಗ ನನ್ನ ಹತ್ರನೂ ನಮ್ಮ ಬಾವಿ ನೀರಿರಲಿಲ್ಲ. ಏಳು ದಿನ ಆದ್ರೆ ಎಣಿಸಬಹುದು. ಇವರು ಬರೆದಿದ್ದು ನಿಂತುಬಿಟ್ರೆ ಎಣಿಸೋಕಾಗಲ್ಲ.”

ಮೂಲೆಮನೆಯವಳು ಎದ್ದು ಹೋದಳು. ಅವಳ ಬಾಗಿಲು ದಢಾರೆಂದು ಮುಚ್ಚಿತು.

ಮಂಗಳವಾರ ಬೆಲ್ಟು ನಿಂತಿತು. ಲಾರಿ ಬಂತು. ಹೆಂಗಸರು ಬಾವಿಯ ಸುತ್ತ ನಿಂತರು. ಅವರ ತುಟಿಗಳು ಆಗಲೇ ಬಿರಿದಿದ್ದವು. ಶುಕ್ರವಾರವೇ ಬಾವಿ ಖಾಲಿಯಾಗಿತ್ತು. ಲಾರಿಯವನು ಪೈಪು ಹೊತ್ತು ತಂದ.

“ಸರೀರಮ್ಮಾ. ಹೊತ್ತಾಯ್ತು.”

“ಇವತ್ತು ಬೇಡಪ್ಪ. ತಗೊಂಡು ಹೋಗು” ಎಂದಳು ಅಜ್ಜಿ.

“ನೀರು ಬೇಡ್ವಾ? ತಲೆ ಕೆಟ್ಟಿದೆಯಾ ನಿಮಗೆ? ನಂಗೆ ಬಾವಿಗೆ ಬಿಟ್ಟು ಬಾ ಅಂತ ಆರ್ಡರ್ ಇದೆ.” ಅವನು ಅಜ್ಜಿಯನ್ನು ಮೊಣಕೈಯಿಂದ ಸರಿಸಿ ಮುಂದೆ ಬಂದ. ಪೈಪಿನ ತುದಿಯಿಂದ ನೀರು ಹನಿಯುತ್ತಿತ್ತು. ಎಲ್ಲರ ಕಣ್ಣೂ ಆ ಹನಿಗಳ ಮೇಲಿತ್ತು. ಇನ್ನೊಂದು ಕ್ಷಣವಾಗಿದ್ದರೆ ಅವರೇ ದಾರಿ ಬಿಡುತ್ತಿದ್ದರೇನೋ.

ಮೂಲೆಮನೆಯವಳ ಬಾಗಿಲು ತೆರೆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಪೈಪಿನ ಬಾಯನ್ನು ಎರಡೂ ಕೈಯಲ್ಲಿ ಹಿಡಿದು ಲಾರಿಯ ಕಡೆಗೆ ತಿರುಗಿಸಿದಳು.

“ಬೇಡ ಅಂದ್ರೆ ಕೇಳ್ಸಲ್ವಾ ನಿಂಗೆ? ಕಿವೀಲಿ ಇದ್ದಲು ತುಂಬ್ಕೊಂಡಿದೀಯಾ? ತಗೊಂಡೋಗಿ ನಿಮ್ಮ ದೊಡ್ಡ ಸಾಹೇಬನ ತೋಟಕ್ಕೆ ಸುರಿ. ನಮ್ಮ ಮಾವ ನಾರಲಿ. ನಾರಿದ್ರೆ ನಂಗೆ ನಾರ್ತಾರೆ, ನಿಂಗಲ್ಲ. ನಡಿ!”

ಲಾರಿ ತುಂಬಿದ ಹಾಗೇ ತಿರುಗಿತು. ನೀರು ತುಳುಕುವ ಸದ್ದು ಸಾಲಿನ ಕೊನೆಯವರೆಗೂ ಕೇಳುತ್ತಿತ್ತು. ಒಬ್ಬಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಲಾರಿ ಹೋದ ದೂಳಿನಲ್ಲೇ ಜೀಪು ಬಂತು. ಜೀಪಿನವನಿಗೆ ಏನೂ ಗೊತ್ತಿಲ್ಲ. ಅಜ್ಜಿ ಎಂದಿನಂತೆ ದೇವರ ಹೆಸರು ಹೇಳಿ ಟೇಪನ್ನು ಇಳಿಸಿದಳು. ಹತ್ತು ಮೀಟರ್ ಆಯಿತು. ಹನ್ನೊಂದಾಯಿತು. ಹನ್ನೆರಡೂ ಮುಕ್ಕಾಲಿಗೆ ಗುಂಡು ಕಲ್ಲಿಗೆ ಬಡಿದು ಮಲಗಿತು. ಡಬ್ಬಿ ಕೂಗಲಿಲ್ಲ.

“ಎಲ್ಲೋ ಸಿಕ್ಕಾಕ್ಕೊಂಡಿದೆ. ಅಲ್ಲಾಡ್ಸು.”

“ಸಿಕ್ಕಾಕ್ಕೊಂಡಿಲ್ಲ ಸಾರ್. ಅದೇ ತಳ. ನೀರಿಲ್ಲ.”

ಅವನು ಬಗ್ಗಿ ನೋಡಿದ. ಹನ್ನೆರಡು ತಿಂಗಳಲ್ಲಿ ಅವನು ಆ ಬಾವಿಗೆ ಬಗ್ಗಿದ್ದು ಅದೇ ಮೊದಲು. ಹಾಳೆಯ ಚೌಕದಲ್ಲಿ ಒಂದು ಅಡ್ಡಗೆರೆ ಎಳೆದ.

“ಏನು ಬರೆದ್ರಿ?” ಕೆಲಸಕ್ಕೆ ಹೋಗದೆ ನಿಂತಿದ್ದ ಸೊಸೆ ಕೇಳಿದಳು.

“ರೀಡಿಂಗ್ ಸಿಕ್ಕಿಲ್ಲ ಅಂತ. ಕೂಗಿದ್ರೆ ತಾನೆ ಅಂಕಿ? ಪರವಾಗಿಲ್ಲ, ಹಿಂದಿನ ಹನ್ನೊಂದರ ಸರಾಸರಿ ಹಾಕ್ತೀವಿ. ಟೇಪು ಎಳಿ ಅಜ್ಜಿ.”

“ಸರಾಸರಿ ಅಂದ್ರೆ?”

“ಹತ್ತು ಮೀಟರ್” ಎಂದಳು ಸೊಸೆ. “ಅತ್ತೆ, ಇವತ್ತೂ ಹತ್ತೇ ಮೀಟರ್ ಅಂತೆ.”

ಅಜ್ಜಿ ಟೇಪನ್ನು ಎಳೆಯಲಿಲ್ಲ. ಸೀರೆಯನ್ನು ಮೊಣಕಾಲ ಮೇಲೆ ಎತ್ತಿ ಕಚ್ಚೆ ಹಾಕಿದಳು.

“ಲಾಂದ್ರ ತಾ” ಎಂದಳು ಸೊಸೆಗೆ.

ಗಣಿಯ ಮನೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಸೊಸೆ ಲಾಂದ್ರ ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಳು. ದೀಪ ತಳದಲ್ಲಿ ನೆಟ್ಟಗೆ ಉರಿಯಿತು. ಗಾಳಿ ಕೆಟ್ಟಿರಲಿಲ್ಲ. ಅಜ್ಜಿಯ ಸೊಂಟಕ್ಕೆ ಹಗ್ಗ ಬಿಗಿದರು. ಮೂಲೆಮನೆಯವಳು ಹಗ್ಗವನ್ನು ತನ್ನ ಬೆನ್ನಿಗೆ ಸುತ್ತಿಕೊಂಡು ಕಾಲೂರಿ ನಿಂತಳು.

“ಏ ಅಜ್ಜಿ, ಏನ್ ಮಾಡ್ತಿದೀಯ? ಬಿದ್ರೆ ನನ್ನ ತಲೆಗೆ ಬರತ್ತೆ!” ಜೀಪಿನವನು ಕೂಗಿದ.

ಅವಳು ಇಳಿದಳು. ಗಂಡ ಗೋಡೆಯಲ್ಲಿ ಕೊರೆದಿದ್ದ ಗೂಡುಗಳಿಗೆ ಕಾಲಿಟ್ಟು, ಒಂದೊಂದಕ್ಕೂ ಉಸಿರು ತೆಗೆದುಕೊಂಡು ಇಳಿದಳು. ಮಂಡಿಗಳು ಕಟಕಟ ಎಂದವು. ಅಂಗೈ ಸುಲಿಯಿತು. ತಳ ಮುಟ್ಟಿದಾಗ ಲಾಂದ್ರದ ಬೆಳಕಿನಲ್ಲಿ ಬಂಡೆ ಕಂಡಿತು. ಬಂಡೆ ಸೀಳಿತ್ತು. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ, ಎರಡು ಬೆರಳು ಅಗಲದ ಸೀಳು. ಲಾರಿ ನೀರನ್ನು ಮೂರು ದಿನ ತಡೆಯುತ್ತಿದ್ದ ಕೆಸರು ಈಗ ಒಣಗಿ ಬಿಟ್ಟುಕೊಂಡಿತ್ತು. ಸೀಳಿನ ಮೇಲೆ ಕೈ ಹಿಡಿದಳು. ಒಳಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಬಗ್ಗಿ ಕಿವಿಯಿಟ್ಟಳು. ಬಹಳ ಕೆಳಗೆ ಏನೋ ದಡ್ ದಡ್ ಎನ್ನುತ್ತಿತ್ತು. ಪಂಪಿನ ಸದ್ದು.

“ದೇವರೇ” ಎಂದಳು. “ನೀನು ಇಟ್ಟಿದ್ದನ್ನ ಇಲ್ಲಿಂದ ಹೊತ್ತುಕೊಂಡು ಹೋದರಲ್ಲೋ.”

ಅವಳು ಟೇಪಿನ ಗುಂಡನ್ನು ಸೀಳಿನೊಳಕ್ಕೆ ಬಿಟ್ಟಳು. ಗುಂಡು ಇಳಿಯಿತು. ಇನ್ನೂ ಇಳಿಯಿತು. ಮೇಲೆ ಜೀಪಿನವನ ಕೈಯಲ್ಲಿ ಡಬ್ಬಿಯ ಟೇಪು ಸುತ್ತುವ ಚಕ್ರ ತಾನಾಗಿ ತಿರುಗತೊಡಗಿತು. ಹದಿನೈದು. ಹದಿನೆಂಟು. ಇಪ್ಪತ್ತು.

“ಯಾಕೆ ಇಳೀತಿದೆ? ಏನು ಮಾಡ್ತಿದೀಯ ಅಲ್ಲಿ?”

“ನೀರು ಹೋದ ದಾರಿ ಅಳೀತಿದೀನಿ” ಎಂದಳು ಅಜ್ಜಿ. ಅವಳ ದನಿ ಬಾವಿಯ ಗೋಡೆಗಳನ್ನು ಸುತ್ತಿಕೊಂಡು ಮೇಲೆ ಬಂತು. “ನೋಡ್ಕೋ. ಬರ್ಕೋ.”

ಅವನು ಚಕ್ರ ಹಿಡಿದು ಜಗ್ಗಿದ. ಟೇಪು ಬರಲಿಲ್ಲ. ಅಜ್ಜಿ ಅದನ್ನು ಮಣಿಕಟ್ಟಿಗೆ ಮೂರು ಸುತ್ತು ಸುತ್ತಿಕೊಂಡಿದ್ದಳು.

“ಬಿಡು ಅಜ್ಜಿ! ಅದು ನನ್ನ ಹೆಸರಲ್ಲಿ ತಂದಿರೋ ಸಾಮಾನು. ವಾಪಸು ಕೊಡ್ಬೇಕು.”

“ಕೊಡ್ತೀನಿ. ಬರಿ ಮೊದಲು.”

“ಸಾರ್, ಸೈರನ್ ಹೊತ್ತಾಯ್ತು” ಎಂದ ಡ್ರೈವರ್. “ಬರ್ಕೊಟ್ಟುಬಿಡಿ ಸಾರ್. ಇರೋದೇ ತಾನೆ.”

ಜೀಪಿನವನು ಹಲ್ಲು ಕಚ್ಚಿ ಬರೆದ. ಸೊಸೆ ಅವನ ಭುಜದ ಪಕ್ಕ ನಿಂತು ಬಾವಿಗೆ ಕೇಳುವಂತೆ ಓದಿದಳು. “ಬಾವಿ ಒಣಗಿದೆ. ತಳದಲ್ಲಿ ಬಿರುಕು ಇದೆ.” ಆಮೇಲೆ ತಡೆದು ಹೇಳಿದಳು. “ಅತ್ತೆ, ಪೆನ್ಸಿಲ್ಲಲ್ಲಿ ಬರೆದಿದಾರೆ.”

“ಪೆನ್ನಲ್ಲಿ ಬರೀ ಅನ್ನು.”

ಡ್ರೈವರ್ ತನ್ನ ಜೇಬಿನ ಪೆನ್ನು ತೆಗೆದು ಚಾಚಿದ. ಜೀಪಿನವನು ಅವನನ್ನು ನುಂಗುವಂತೆ ನೋಡಿದ. ಪೆನ್ನು ತೆಗೆದುಕೊಂಡು ಅಕ್ಷರಗಳ ಮೇಲೆಯೇ ತಿದ್ದಿದ.

“ಆಯ್ತಲ್ಲ? ಬಿಡು ಇನ್ನು.”

“ಹಿಂದಿನ ಹನ್ನೊಂದು ಇವೆಯಲ್ಲ” ಎಂದಳು ಅಜ್ಜಿ. “ಅವನ್ನ ಹೊಡೆದು ಹಾಕು. ಅದು ಲಾರಿ ನೀರು ಅಂತ ಬರಿ.”

“ಅದು ನನ್ನ ಕೈಲಿಲ್ಲಮ್ಮ.” ಮೊದಲ ಸಲ ಅವನ ದನಿ ಇಳಿಯಿತು. “ಅದೆಲ್ಲ ಮೇಲೆ ಹೋಗಿದೆ. ದೊಡ್ಡ ಸಾಹೇಬರು ಸಹಿ ಹಾಕಿದಾರೆ. ಈಗ ನಾನು ಬರೆದಿದ್ದನ್ನೂ ಅವರು ತೆಗೆದುಹಾಕಬಹುದು. ನಾನು ಏನು ಮಾಡ್ಲಿ, ಹೇಳಿ?”

ಸಿಟ್ಟು ಮಾಡಬೇಕೆಂದರೂ ಅಜ್ಜಿ ಯಾರ ಮೇಲೆ ಮಾಡುವುದು? ಮೇಲೆ ನಿಂತಿದ್ದವನೂ ಒಂದು ಖಾಲಿ ಬಾವಿಯೇ. ಅದರ ತಳದಲ್ಲೂ ಒಂದು ಸೀಳು. ಹೇಳಿದ್ದೆಲ್ಲ ಅಲ್ಲಿಂದ ಇನ್ನೆಲ್ಲಿಗೋ ಹೋಗಿಬಿಡುತ್ತದೆ.

“ಹಾಗಾದ್ರೆ ನೀನು ಹೋಗಪ್ಪ” ಎಂದಳು ಅಜ್ಜಿ. “ದೊಡ್ಡ ಸಾಹೇಬರನ್ನ ಕಳಿಸು. ಜೀಪು ಬರಲ್ಲ ಅಂದ್ರೆ ನಡ್ಕೊಂಡು ಬರ್ಲಿ. ಬಂದು ಬಗ್ಗಿ ನೋಡ್ಲಿ. ಅಲ್ಲೀವರೆಗೆ ಟೇಪು ಇಲ್ಲೇ ಇರತ್ತೆ. ನಾನೂ ಇರ್ತೀನಿ.”

ಅವನು ಡಬ್ಬಿಯನ್ನು ಬಾವಿಯ ಕಟ್ಟೆಯ ಮೇಲೆ ಬಿಟ್ಟು ಹೋಗಬೇಕಾಯಿತು. ಸೈರನ್ ಕೂಗುವ ಹೊತ್ತಿಗೆ ಜೀಪು ಬೆಲ್ಟಿನಾಚೆಗೆ ದಾಟಿತು. ಬೆಲ್ಟು ಗಡಗಡ ಎಂದು ಓಡತೊಡಗಿತು.

ಬಿಸಿಲು ನೆತ್ತಿಗೆ ಬಂದಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಾವಿಯ ಸುತ್ತ ಕೂತರು. ಮೂಲೆಮನೆಯವಳು ಬೆನ್ನಿನ ಹಗ್ಗ ಬಿಚ್ಚಲಿಲ್ಲ. ಅವಳ ಮನೆಯೊಳಗಿಂದ ಮುದುಕ ನರಳುವುದು ಕೇಳುತ್ತಿತ್ತು. ಅವಳು ಅತ್ತ ಒಮ್ಮೆ ನೋಡಿ, ಬಾವಿಗೆ ಬಗ್ಗಿದಳು.

“ಅಜ್ಜೀ, ಬಾಯಾರಿದೆಯಾ?”

“ಬಾಯಾರಿದೆ” ಎಂದಳು ಅಜ್ಜಿ. “ಅವರು ಬರ್ಲಿ.”